ಸರಿಸಮ ನಾಲ್ಕು

ನಾಲ್ಕನೆಯ ಜಾಡಿ ಈ ಸಲ ತುಂಬಲಿಲ್ಲ.

ಓಡೀಲ್ ಹೇರ್ ಡ್ರೈಯರ್ ಆರಿಸಿ, ಕನ್ನಡಕವನ್ನು ಹಣೆಗೇರಿಸಿ, ಮೇಜಿನ ಮಟ್ಟಕ್ಕೆ ಬಗ್ಗಿ ನೋಡಿದಳು. ಸಾಲಾಗಿ ನಾಲ್ಕು ಗಾಜಿನ ಜಾಡಿಗಳು. ಒಂದೊಂದರ ಬಾಯಿಯ ಮೇಲೂ ಒಂದೊಂದು ಇಂಜೆಕ್ಟರ್. ಎಂಜಿನ್ನಿಗೆ ಇಂಧನ ಚಿಮ್ಮಿಸುವ, ಹೆಬ್ಬೆರಳುದ್ದದ ಕೊಳವೆಗಳು. ಬೆಳಗಿನಿಂದ ಐದು ಸಲ ಒಂದೊಂದು ನಿಮಿಷ ಇಂಧನ ಬಿಟ್ಟಾಗಲೂ ನಾಲ್ಕರಲ್ಲೂ ಒಂದೇ ಮಟ್ಟ. ಆರನೆಯ ಸಲ ಇಂಜೆಕ್ಟರುಗಳನ್ನು ಡ್ರೈಯರಿನಿಂದ ಬಿಸಿ ಮಾಡಿ ನೋಡೋಣ ಅನ್ನಿಸಿತ್ತು. ಈಗ ಕೊನೆಯದರಲ್ಲಿ ಎರಡು ಬೆರಳಷ್ಟು ಕಡಿಮೆ.

"ಸಿಕ್ಕಿಬಿದ್ಯಾ ಕಳ್ಳ!" ಎಂದಳು.

"ಯಾರ ಜೊತೆ ಮಾತಾಡ್ತಿದೀಯ?" ಹ್ಯಾಂಗರಿನ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಅವಳಣ್ಣ ಅಲ್ಸೀಡ್ ಕೇಳಿದ.

"ನನ್ನನ್ನ ಕೆಡವೋಕೆ ನೋಡಿದ್ದು ಇದೇ, ಅಲ್ಸೀಡ್. ತಣ್ಣಗಿದ್ದಾಗ ಒಳ್ಳೆಯವನ ಥರ ಇರತ್ತೆ. ಮೈ ಕಾಯ್ತಿದ್ದಂಗೆ ಬಾಯಿ ಕಟ್ಕೊಳತ್ತೆ."

ಅಲ್ಸೀಡ್ ಒಳಗೆ ಬರಲಿಲ್ಲ. ಮೂರು ವಾರದಿಂದ ಅವನು ಆ ಹೊಸ್ತಿಲು ದಾಟಿರಲಿಲ್ಲ.

ಲೂಯಿಸಿಯಾನಾದ ಭತ್ತದ ಬಯಲಿನಲ್ಲಿ ಇಪ್ಪತ್ತೇಳು ವರ್ಷ ನೀರಿನ ಪಂಪು ರಿಪೇರಿ ಮಾಡಿದವಳು ಓಡೀಲ್. ಅದೇ ಬಯಲಿನ ಮೇಲೆ ಔಷಧಿ ಸಿಂಪಡಿಸುವ ವಿಮಾನ ಹಾರಿಸಿದವನು ಅಲ್ಸೀಡ್. ಅವನ ಕಣ್ಣು ಮಂಜಾಗಿ ಲೈಸೆನ್ಸ್ ಹೋದ ಮೇಲೆ ಅವಳು ವಿಮಾನ ಕಟ್ಟಲು ಕೂತಳು. ಒಂಬತ್ತು ವರ್ಷ ಹಿಡಿಯಿತು. ಎಂಜಿನ್ ಮಾತ್ರ ಯಾರೂ ಹಾಕದಂಥದ್ದು: ಹಳೆಯ ಸ್ಪೋರ್ಟ್ಸ್ ಕಾರಿನ ರೋಟರಿ. ಅದರಲ್ಲಿ ಮೇಲೆ ಕೆಳಗೆ ಹಾರುವ ಪಿಸ್ಟನ್ನುಗಳಿಲ್ಲ. ಮೂರು ಮೂಲೆಯ ಎರಡು ದಪ್ಪ ಬಿಲ್ಲೆಗಳು ಗುಂಡಗೆ ಸುತ್ತುತ್ತವೆ, ಅಷ್ಟೇ. ಪಂಪು ಬಲ್ಲವಳಿಗೆ ಅದರ ಸರಳತೆ ಹಿಡಿಸಿಬಿಟ್ಟಿತ್ತು. ವಿಮಾನ ಕ್ಲಬ್ಬಿನವರು ನಕ್ಕಿದ್ದರು.

ಮೂರು ವಾರದ ಹಿಂದೆ, ಮೊದಲ ಹಾರಾಟದಲ್ಲಿ ಏಳುನೂರು ಅಡಿ ಏರುವಷ್ಟರಲ್ಲಿ ಎಂಜಿನ್ ನಡುಗಿ ಅರ್ಧ ಶಕ್ತಿ ಕಳೆದುಕೊಂಡಿತು. ಓಡೀಲ್ ಹೇಗೋ ತಿರುಗಿಸಿ ರನ್‌ವೇಯ ತುದಿಗೆ ತಂದಿಳಿಸಿದಳು. ಇಳಿದು ನೋಡಿದರೆ ಅಲ್ಸೀಡ್ ಹುಲ್ಲಿನ ಮೇಲೆ ಕುಸಿದು ಕೂತಿದ್ದ. ಅವನ ಮುಖ ನೋಡಲಾಗದೆ ಅವಳು ಮಾತು ಕೊಟ್ಟುಬಿಟ್ಟಳು: ಈ ಎಂಜಿನ್ ತೆಗೆಸುತ್ತೇನೆ. ಕ್ಲಬ್ಬಿನ ಅಧ್ಯಕ್ಷ ಪರ್ಸಿ ರೊಮೇರೊ ಬಳಿ ಮಾಮೂಲಿ ವಿಮಾನದ ಎಂಜಿನ್ ಒಂದಿತ್ತು. ಎಂಜಿನ್ ಬದಲಿಸಲು ಶನಿವಾರ ಕ್ರೇನ್ ತರುವುದೆಂದು ನಿಗದಿಯಾಯಿತು. ಇವತ್ತು ಮಂಗಳವಾರ.

ಮಧ್ಯಾಹ್ನ ಪರ್ಸಿಯೇ ಬಂದ, ಕೈಯಲ್ಲೊಂದು ರಟ್ಟಿನ ಡಬ್ಬಿ.

"ಏನಿದು ಓಡೀಲ್, ಹ್ಯಾಂಗರಲ್ಲಿ ತಲೆ ಒಣಗಿಸ್ಕೊಳ್ತೀಯಾ?" ಎಂದು ಹೇರ್ ಡ್ರೈಯರ್ ಎತ್ತಿ ನೋಡಿದ. ಅವಳು ಏನು ಪರೀಕ್ಷಿಸುತ್ತಿದ್ದಾಳೆಂದು ಅಲ್ಸೀಡ್‌ನಿಂದ ಮೊದಲೇ ತಿಳಿದಿತ್ತು. ಡಬ್ಬಿ ಬಿಚ್ಚಿದ. "ಇಂಜೆಕ್ಟರ್ ತಾನೇ? ತಗೋ, ರೇಸ್ ಕಾರಿಂದು. ಡಬಲ್ ಇಂಧನ ಸುರಿಯತ್ತೆ. ಮೇಲೆ ಹೋದಾಗ ಕಮ್ಮಿ ಆಯ್ತು ಅನ್ನೋ ಮಾತೇ ಇಲ್ಲ."

"ಇಳಿಯೋವಾಗ?"

"ಇಳಿಯೋವಾಗ ಏನು?"

"ಇಳಿಯೋವಾಗ ಎಂಜಿನ್‌ಗೆ ತೊಟ್ಟು ತೊಟ್ಟು ಸಾಕು ಪರ್ಸಿ. ನಿನ್ನ ಇದು ಒಂದು ಗಳಿಗೆ ಬಾಯಿ ತೆಗೆದ್ರೂ ಲೋಟ ಸುರಿಯತ್ತೆ. ರನ್‌ವೇ ಇನ್ನೂ ದೂರ ಇರೋವಾಗ ಎಂಜಿನ್ ಇಂಧನದಲ್ಲಿ ಮುಳುಗಿ ಆರಿದ್ರೆ ನೀನು ಬಂದು ತಳ್ತೀಯಾ?" ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹಾಕಿದ ಲೆಕ್ಕ ತೋರಿಸಿದಳು. "ಪೂರ್ತಿ ಜೋರಾಗಿ ಓಡ್ಸಿದ್ರೂ ಹಳೇ ಅಳತೆಯವು ನಾಲ್ಕು ಸಾಕು, ಮಿಗತ್ತೆ. ನನಗೆ ದೊಡ್ಡದು ಬೇಕಿಲ್ಲ. ಸಮ ಇರೋದು ಬೇಕು."

"ಹಟಮಾರಿ ಹೆಂಗಸು," ಎಂದು ಪರ್ಸಿ ಡಬ್ಬಿ ಮುಚ್ಚಿದ. "ಶನಿವಾರ ಒಂಬತ್ತಕ್ಕೆ ಕ್ರೇನ್ ಬರತ್ತೆ."

ಒಂದು ಕೈಕೊಟ್ಟ ಮೇಲೆ ಉಳಿದ ಮೂರನ್ನೂ ನಂಬುವಂತಿರಲಿಲ್ಲ. ಬೇಗ ತರಿಸಿಕೊಳ್ಳಬಹುದಾಗಿದ್ದ ಹೊಸ ಇಂಜೆಕ್ಟರುಗಳು ವಿದ್ಯುತ್ ಹೆಚ್ಚು ಎಳೆಯುವ ಜಾತಿಯವು. ಹಾಕಿದರೆ ಎಂಜಿನ್ನಿನ ವಿದ್ಯುತ್ ನಿಯಂತ್ರಣ ಪೆಟ್ಟಿಗೆಯೇ ಸುಟ್ಟುಹೋಗುತ್ತಿತ್ತು. ಬುಧವಾರ ಅವಳು ಗಡಿ ದಾಟಿ ಟೆಕ್ಸಸ್ಸಿನ ಗುಜರಿ ಅಂಗಳಕ್ಕೆ ಹೋಗಿ, ಮೂರು ಮುದಿ ಕಾರುಗಳ ಹೊಟ್ಟೆಯಿಂದ ಹನ್ನೆರಡು ಇಂಜೆಕ್ಟರ್ ಬಿಚ್ಚಿ ತಂದಳು. ಮೀಟರ್ ಹಿಡಿದಾಗಲೇ ಎರಡು ಸತ್ತಿದ್ದವು. ಉಳಿದವನ್ನು ರಾತ್ರಿಯಿಡೀ ನೆನೆಹಾಕಿ ತೊಳೆದು, ಗುರುವಾರ ಜಾಡಿಗಳ ಮೇಲೆ ಕೂರಿಸಿದಳು. ಎರಡು ಮುಚ್ಚಿದ್ದಾಗಲೂ ಸೋರಿದವು. ಒಂದು ಮಂಜಿನಂತೆ ಹರಡದೆ ಪಿಚಕಾರಿಯಂತೆ ಓರೆಯಾಗಿ ಹಾರಿತು. ಬಿಸಿ ಮಾಡಿದಾಗ ಇನ್ನೆರಡು ಬಿದ್ದವು. ಸಂಜೆಗೆ ಐದು ಉಳಿದವು. ಐದರಲ್ಲೂ ಒಂದೇ ಮಟ್ಟ. ಬೇಕಾದದ್ದು ನಾಲ್ಕು. ಯಾವುದನ್ನು ಬಿಡುವುದು?

ಐದನ್ನೂ ಒಂದೊಂದಾಗಿ ಓಡಿಸುತ್ತಾ ಕೂತಿದ್ದಾಗ ಬಾಗಿಲಿಂದ ಅಲ್ಸೀಡ್‌ನ ದನಿ ಬಂತು.

"ಈಗ ಓಡ್ಸಿದ್ದು ಬೇಡ."

"ಯಾಕೆ?"

"ತಡವಾಗಿ ಟಿಕ್ ಅಂತಿದೆ. ಉಳಿದವೆಲ್ಲ ಗರಿಗರಿಯಾಗಿ ಬಡೀತವೆ. ಇದು ನಿದ್ದೆಯಿಂದ ಎದ್ದಂಗೆ ಬಡಿಯತ್ತೆ."

ಓಡೀಲ್‌ಗೆ ಏನೂ ವ್ಯತ್ಯಾಸ ಕೇಳಿಸಿರಲಿಲ್ಲ. ಅವನಿಗೆ ಬೆನ್ನು ಮಾಡಿ, ಕ್ರಮ ಬದಲಿಸಿ ಮತ್ತೆ ಓಡಿಸಿದಳು. ಮೂರನೆಯದಕ್ಕೆ ಅವನು "ಇದೇ" ಎಂದ. ಮತ್ತೆ ಬದಲಿಸಿದಳು. ಮತ್ತೆ ಅದನ್ನೇ ಹಿಡಿದ. ಅವಳು ತಿರುಗಿ ನೋಡಿದಾಗ ಅಲ್ಸೀಡ್ ಮೇಜಿನ ಪಕ್ಕದಲ್ಲೇ ನಿಂತಿದ್ದ, ಕಿವಿಯನ್ನು ಜಾಡಿಗೆ ಬಾಗಿಸಿ.

"ಹಾಗಾದ್ರೆ ಈ ನಾಲ್ಕು?" ಎಂದಳು.

"ಈ ನಾಲ್ಕು."

ಶನಿವಾರ ಪರ್ಸಿಯ ಕ್ರೇನ್ ಬಂದಾಗ ವಿಮಾನ ಹೊರಗೆ ನಿಂತಿತ್ತು, ಬಾಲಕ್ಕೆ ಸರಪಳಿ ಬಿಗಿದು. ಒಂದು ಗಂಟೆ ಕಾಲ ಓಡೀಲ್ ಎಂಜಿನ್ನನ್ನು ಪೂರ್ತಿ ಜೋರಿನಲ್ಲಿ ಓಡಿಸಿದಳು. ಹುಲ್ಲು ನೆಲಕ್ಕಂಟಿತು. ಎಂಜಿನ್ ಕಾದು ಕೆಂಡವಾಗಲೆಂದೇ ಕಾದಳು. ಸದ್ದು ಎಲ್ಲೂ ತೊದಲಲಿಲ್ಲ. ಪರ್ಸಿ ಕೈಸನ್ನೆಯಲ್ಲಿ ವೇಗ ಇಳಿಸು ಎಂದ. ಒಮ್ಮೆಗೇ ಇಳಿಸಿದಳು. ಎಂಜಿನ್ ಆರಲಿಲ್ಲ, ಬೆಕ್ಕಿನಂತೆ ಗುರುಗುಟ್ಟುತ್ತಾ ನಿಂತಿತು. ಪರ್ಸಿ ಟೋಪಿ ತೆಗೆದು ತಲೆ ಕೆರೆದುಕೊಂಡ.

ಎಂಜಿನ್ ನಿಲ್ಲಿಸದೆಯೇ ಓಡೀಲ್ ಕಿಟಕಿಯಿಂದ ಅಣ್ಣನಿಗೆ ಕೂಗಿ ಹೇಳಿದಳು: "ನಾನು ನಿನಗೆ ಮಾತು ಕೊಟ್ಟಿದ್ದೀನಿ. ನೀನು ಬೇಡ ಅಂದ್ರೆ ಬೇಡ. ಕ್ರೇನ್ ಬರ್ಲಿ."

ಅಲ್ಸೀಡ್ ಗಾಳಿಗೆ ಅಂಗಿ ಹಾರಾಡುತ್ತಿರಲು ಬಾಲದ ಕಡೆಗೆ ಹೋದ. ಕೈಯಲ್ಲಿ ತಡವಿ ತಡವಿ ಸರಪಳಿಯ ಕೊಂಡಿ ಹುಡುಕಿ ಬಿಚ್ಚಿದ. ಬಂದು ಕಿಟಕಿಗೆ ಬಾಯಿಟ್ಟ.

"ಆವತ್ತು ನಾನು ಕುಸಿದು ಕೂತಿದ್ದು ಎಂಜಿನ್‌ಗೆ ಹೆದರಿ ಅಲ್ಲ ಕಣೇ. ಕಣ್ಣಿಗೆ ನೀನು ಕಾಣ್ತಿರ್ಲಿಲ್ಲ, ಆ ಕೆಟ್ಟ ಸದ್ದು ಮಾತ್ರ ಕೇಳಿಸ್ತಿತ್ತು. ಎಲ್ಲೂ ಹೋಗ್ಬೇಡ. ನನ್ನ ತಲೆ ಮೇಲೇ ಸುತ್ತು."

ರನ್‌ವೇ ಹಿಂದೆ ಸರಿಯಿತು. ಚಕ್ರಗಳು ನೆಲ ಬಿಟ್ಟವು. ಐನೂರು ಅಡಿ, ಆರುನೂರು. ಏಳುನೂರರಲ್ಲಿ ಓಡೀಲ್ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟಳು. ಸೂಜಿ ಏಳುನೂರು ದಾಟಿತು. ಎಂಟುನೂರು, ಸಾವಿರ. ಎಂಜಿನ್ ಒಂದೇ ಉಸಿರಿನಲ್ಲಿ ಎಳೆಯುತ್ತಿತ್ತು. ಎರಡು ಸಾವಿರದಲ್ಲಿ ಅವಳಿಗೆ ತಾನು ಜೋರಾಗಿ ನಗುತ್ತಿರುವುದು ಗೊತ್ತಾಯಿತು. ಐದು ಸಾವಿರದಲ್ಲಿ, ಭತ್ತದ ಮಡಿಗಳಾಚೆ, ಸಮುದ್ರದ ಅಂಚು ತಗಡಿನಂತೆ ಮಿಂಚಿತು. ತಾನು ಪಂಪು ರಿಪೇರಿ ಮಾಡಿದ ಒಂದೊಂದು ಗದ್ದೆಯೂ ಕೆಳಗೆ ನೀರು ತುಂಬಿಕೊಂಡು ಆಕಾಶ ತೋರಿಸುತ್ತಿತ್ತು.

ರೇಡಿಯೋ ಕರಕರ ಅಂದಿತು. "ನಾಲ್ಕೂ ಒಂದೇ ಸಮ ಬಡೀತಿವೆ," ಎಂದ ಅಲ್ಸೀಡ್. ಹಿಂದೆ ಪರ್ಸಿ ಏನೋ ಕೂಗುತ್ತಿದ್ದ. "ಪರ್ಸಿ ಕೇಳ್ತಿದಾನೆ, ಎಷ್ಟು ಎತ್ತರ ಅಂತ."

"ಇನ್ನೂ ಹೋಗ್ತಿದೀನಿ ಅಂತ ಹೇಳು!"

ನಲವತ್ತು ನಿಮಿಷದ ನಂತರ ಇಳಿದಾಗ ಚಕ್ರ ನೆಲ ಮುಟ್ಟಿದ್ದು ಅವಳಿಗೇ ತಿಳಿಯಲಿಲ್ಲ. ಕ್ಲಬ್ಬಿನ ಹನ್ನೊಂದು ಜನ ಬೇಲಿ ದಾಟಿ ಓಡಿಬಂದರು. ಯಾರೋ ಅವಳ ತಲೆ ಮೇಲೆ ಬಿಯರ್ ಸುರಿದರು. ಪರ್ಸಿ ಎಲ್ಲರನ್ನೂ ತಳ್ಳಿಕೊಂಡು ಬಂದು ಕೈ ಕುಲುಕಿ, ಅದೇ ಉಸಿರಿನಲ್ಲಿ, ತನ್ನ ವಿಮಾನದ ಇಂಜೆಕ್ಟರನ್ನೂ ಸ್ವಲ್ಪ ನೋಡುತ್ತೀಯಾ ಎಂದು ಕೇಳಿದ.

ಗದ್ದಲವೆಲ್ಲ ಕ್ಲಬ್ಬಿನ ಕೋಣೆಯತ್ತ ಸರಿದ ಮೇಲೂ ಅಲ್ಸೀಡ್ ವಿಮಾನದ ಬಳಿಯೇ ಉಳಿದ. ಒದ್ದೆ ಬಟ್ಟೆಯೊಂದನ್ನು ಹಿಡಿದು, ರೆಕ್ಕೆಯ ಮುಂದಿನ ಅಂಚಿಗೆ ಅಂಟಿದ್ದ ಹುಳುಗಳನ್ನು ಬೆರಳ ತುದಿಯಿಂದ ಹುಡುಕಿ ಹುಡುಕಿ, ಒಂದೊಂದಾಗಿ ಒರೆಸುತ್ತಿದ್ದ. ಗದ್ದೆಯ ಬೆಳ್ಳಕ್ಕಿಗಳು ಮೆಲ್ಲಗೆ ಮರಳಿ ಇಳಿಯತೊಡಗಿದ್ದವು.