ಹಿಮ್ಮುಖವಾಗಿ ಇಳಿಯುವವಳು

೧

ಎಲ್ಲಿಂದ ಶುರುಮಾಡಲಿ? ಗುಡ್ಡದ ಊರು ಎಂದಮೇಲೆ ಮಂಜಿನಿಂದ ಎನ್ನುತ್ತೀರಿ. ಹಾಗೇ ಬರೆದಿದ್ದೆ, ಎರಡು ಪುಟ ಮಂಜು. ಓದಿ ನೋಡಿದರೆ ಅದರೊಳಗೆ ಒಂದು ನರಪಿಳ್ಳೆಯೂ ಕಾಣಲಿಲ್ಲ. ಹೊಡೆದುಹಾಕಿದೆ.

ಇನ್ನೊಂದು ಸಲ. ಬೆಳಗ್ಗೆ, ಬಾಡಿಗೆ ಮನೆಯೊಂದರ ಗೇಟಿನ ಹೊರಗೆ ಒಬ್ಬ ಹೆಂಗಸು ನಿಂತಿದ್ದಾಳೆ. ಅವಳಿಗೆ ಇವತ್ತು ರಜೆ. ಎತ್ತ ಹೋಗಬೇಕೆಂದು ಗೊತ್ತಿಲ್ಲ. (ನನಗೂ ಗೊತ್ತಿಲ್ಲ. ಸರಿಯಾದ ಜೋಡಿ.)

೨

ಅವಳ ಕೆಲಸ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವುದು: ಎಬ್ಬಿಸುವುದು, ಉಣಿಸುವುದು, ಗಾಲಿಕುರ್ಚಿ ತಳ್ಳುವುದು. ತಲೆ ಅರ್ಧ ನರೆತಿದ್ದರೂ ಅಜ್ಜಿಯ ಬಾಯಲ್ಲಿ ಅವಳು 'ಹುಡುಗಿ'. ನಾವೂ ಹಾಗೇ ಕರೆಯೋಣ. ಅಜ್ಜಿಯ ಮಗಳು ಸಂಸಾರ ಸಮೇತ ಪ್ರವಾಸಕ್ಕೆಂದು ಗುಡ್ಡಕ್ಕೆ ಬಂದಿದ್ದಾಳೆ. ಕುರ್ಚಿ ಬಂದಿದೆ, ಆದ್ದರಿಂದ ಹುಡುಗಿಯೂ ಬಂದಿದ್ದಾಳೆ.

"ಇವತ್ತು ನಿಂಗೆ ರಜೆ, ಊರೆಲ್ಲ ಸುತ್ಕೊಂಡ್ ಬಾ" ಎಂದಳು ಮಗಳು. "ಅಮ್ಮನ್ನ ನಾನ್ ನೋಡ್ಕೋತೀನಿ. ಕೈ ಮೀರಿದ್ರೆ ಮಾತ್ರ ಫೋನ್ ಮಾಡ್ತೀನಿ."

ಕೇಳಲು ಚೆನ್ನಾಗಿದೆ. ಆದರೆ ಹುಡುಗಿ ಹಾಸಿಗೆ ಮಡಿಸುವಾಗ ಪಕ್ಕದ ಕೋಣೆಯ ಮಾತು ಕೇಳಿಸಿಕೊಂಡಿದ್ದಳು. ಒಂದು ದಿನ ನಾವೇ ನಿಭಾಯಿಸಿಬಿಟ್ಟರೆ ಮುಂದಿನ ತಿಂಗಳಿನಿಂದ ಅವಳು ಬೇಕಾಗುವುದಿಲ್ಲ ಎಂದು ಮಗಳು ಗಂಡನಿಗೆ ಹೇಳುತ್ತಿದ್ದಳು. ಅಂದರೆ ಇದು ರಜೆಯಲ್ಲ, ಪರೀಕ್ಷೆ. ಬರೆಯುವವಳು ಮಗಳು; ಅವಳು ಪಾಸಾದರೆ ಹುಡುಗಿ ಫೇಲು.

ಫೋನ್ ಬಂದರೆ ಅಜ್ಜಿಗೆ ಏನೋ ಆಗಿದೆ. ಬರದಿದ್ದರೆ ಕೆಲಸ ಹೋಯಿತು. ಅತ್ತ ದರಿ, ಇತ್ತ ಪುಲಿ. (ಗುಡ್ಡದ ಊರಿನಲ್ಲಿ ದರಿಗೇನು ಬರ? ಪುಲಿ ಅವಳ ಕೈಚೀಲದಲ್ಲಿ ಫೋನಾಗಿ ಕೂತಿದೆ.)

೩

ನನ್ನ ಪ್ಲಾನು ಹೀಗಿತ್ತು: ಹುಡುಗಿ ಪೇಟೆ ದಾಟಿ, ಕಲ್ಲಿನ ಮೆಟ್ಟಿಲು ಹತ್ತಿ, ವ್ಯೂ ಪಾಯಿಂಟಿನಲ್ಲಿ ನಿಂತು ಕಣಿವೆ ನೋಡುತ್ತಾಳೆ. ಕಣ್ಣು ತೇವವಾಗುತ್ತದೆ. ಆದರೆ ಮೆಟ್ಟಿಲ ಬುಡಕ್ಕೆ ಬಂದವಳೇ ತಿರುಗಿ ಕಾರು ಹೋಗುವ ಸುತ್ತುದಾರಿ ಹಿಡಿದಳು.

ಮೆಟ್ಟಿಲೇ ಹತ್ತಿರವಲ್ಲವೇನಮ್ಮ, ಎಂದೆ.

"ಮೆಟ್ಲು ಆಗಲ್ಲ ಸಾರ್."

ಯಾಕೆ? ಕೈ ಖಾಲಿ ಇದೆಯಲ್ಲ.

ಅವಳು ಕೈ ನೋಡಿಕೊಂಡಳು. ಎರಡೂ ಸೊಂಟದೆತ್ತರಕ್ಕೆ ಮುಂದೆ ಚಾಚಿಕೊಂಡಿದ್ದವು. ನಾಚಿ ಇಳಿಬಿಟ್ಟಳು, ನಾಲ್ಕು ಹೆಜ್ಜೆಗೆ ಮತ್ತೆ ಎದ್ದವು. ಹಗ್ಗ ಬಿಚ್ಚಿದರೂ ಗೂಟ ಸುತ್ತುವ ಹಸುವಿನ ಪಾಡು.

ಬಟ್ಟೆ ಅಂಗಡಿ, ಗಡಿಯಾರ ರಿಪೇರಿ, ಪೋಸ್ಟಾಫೀಸು, ಎಲ್ಲದರ ಮುಂದೆ ಹಾದಳು. ನೋಡಿದ್ದು ಹೊಸ್ತಿಲುಗಳನ್ನು ಮಾತ್ರ. ಇದು ಎತ್ತರ. ಇದು ಪರವಾಗಿಲ್ಲ. ಇಲ್ಲಿ ಮುಂದಿನ ಗಾಲಿ ಎತ್ತಬೇಕು.

ಇಳಿಜಾರು ಬಂತು. ಹುಡುಗಿ ಬೆನ್ನು ತಿರುಗಿಸಿ ಹಿಮ್ಮುಖವಾಗಿ ಇಳಿಯತೊಡಗಿದಳು. ಚಹಾ ಅಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಿದ.

"ಏನಕ್ಕಾ, ರಿವರ್ಸ್ ಗೇರಾ?"

ಅವಳು ನಿಂತು, ಒಂದು ಚಹಾ ಹೇಳಿ, ವಿವರಿಸಿದಳು. ಕುರ್ಚಿಯನ್ನು ಇಳಿಜಾರಿಗೆ ಮುಖಮಾಡಿ ಬಿಟ್ಟರೆ ಅದು ಎಳೆದುಕೊಂಡು ಹೋಗುತ್ತದೆ, ಕೂತವರು ಮುಗ್ಗರಿಸುತ್ತಾರೆ. ನಾವು ಹಿಂದಕ್ಕೆ ಇಳಿದರೆ ಭಾರವೆಲ್ಲ ನಮ್ಮ ಎದೆಗೆ ಬರುತ್ತದೆ. ಆಗ ಮಾತ್ರ ಯಾರೂ ಮಾತಾಡಬಾರದು, ಗಮನ ತಪ್ಪುತ್ತದೆ. ಮಾತಿನಮಲ್ಲಿ ಅಜ್ಜಿಯೂ ಆಗ ಬಾಯಿ ಮುಚ್ಚಿಕೊಂಡಿರುತ್ತಾರೆ.

"ಸರಿ, ಕುರ್ಚಿ ಎಲ್ಲಿ?" ಎಂದ ಅವನು.

ಅವಳು ಹೇಳಿದ್ದ ಚಹಾ ಕುಡಿಯದೇ ಹೊರಟುಬಿಟ್ಟಳು.

೪

ಅಂತ್ಯಗಳು ತಯಾರಿವೆ. ಬೇಕಾದ್ದು ಆರಿಸಿಕೊಳ್ಳಿ.

ಅ) ಫೋನ್ ಬರುತ್ತದೆ. ಮಗಳು ಅಳುತ್ತಾಳೆ, ಹುಡುಗಿ ಓಡುತ್ತಾಳೆ. (ಇದಕ್ಕೆ ಅಜ್ಜಿ ಬೀಳಬೇಕು. ಕಥೆಗೋಸ್ಕರ ಮುದುಕಿಯನ್ನು ಬೀಳಿಸುವಷ್ಟು ದೊಡ್ಡ ಲೇಖಕ ನಾನಲ್ಲ.)

ಆ) ಫೋನ್ ಬರುವುದಿಲ್ಲ. ಅಜ್ಜಿ ಉಂಡು ಮಲಗಿದ್ದಾಳೆ. ಮಗಳ ಮುಖ ಅರಳಿದೆ.

ಇ) ಬ್ಯಾಟರಿ ಸತ್ತಿದೆ.

"ಬೆಳಗ್ಗೆನೇ ಫುಲ್ ಚಾರ್ಜ್ ಹಾಕಿದೀನಿ" ಎಂದಳು ಹುಡುಗಿ. "ಸುಳ್ಳು ಬರೀಬೇಡಿ."

ಮತ್ತೆ ನಿನಗೇನು ಬೇಕು, ನೀನೇ ಹೇಳು.

"ಅಜ್ಜಿ ಹೊಟ್ಟೆ ತುಂಬ ಉಂಡಿರ್ಲಿ. ಫೋನೂ ಬರ್ಲಿ."

ಎರಡೂ ಒಟ್ಟಿಗೆ ಆಗುವುದಿಲ್ಲಮ್ಮ.

"ಬರೆಯೋರು ನೀವೇ ತಾನೆ?"

ಅವಳು ಫೋನ್ ತೆಗೆದಳು, ಇಟ್ಟಳು, ಮತ್ತೆ ತೆಗೆದಳು. ನೀನೇ ಮಾಡಿಬಿಡು ಎಂದೆ.

"ಬೇಡ. ಕಾಯ್ತಾ ಇದ್ದೆ ಅಂದ್ಕೋತಾರೆ."

೫

ಸಂಜೆ. ಬಾಡಿಗೆ ಮನೆ ಇರುವುದು ಕಡಿದಾದ ಓಣಿಯ ಬುಡದಲ್ಲಿ. ಹುಡುಗಿ ಓಣಿಯ ತಲೆಯಲ್ಲಿ ನಿಂತಿದ್ದಾಳೆ. ಫೋನ್ ಬಂದಿಲ್ಲ. (ಇನ್ನೂ ಬಂದಿಲ್ಲ. 'ಇನ್ನೂ' ಎಂದು ಸೇರಿಸಲು ಹೇಳಿದ್ದು ಅವಳು.)

ಬೆನ್ನು ತಿರುಗಿಸಿದಳು. ಕೈ ಚಾಚಿದಳು. ಇಲ್ಲದ ಭಾರವನ್ನು ಎದೆಗೊತ್ತಿಕೊಂಡು ಒಂದೊಂದೇ ಹೆಜ್ಜೆ ಇಳಿಯುತ್ತಿದ್ದಾಳೆ. ಈಗ ಅವಳಿಗೆ ಮನೆ ಕಾಣುವುದಿಲ್ಲ. ಬೆಳಗ್ಗೆಯಿಂದ ನೋಡದೇ ಬಿಟ್ಟ ಊರು ಪೂರ್ತಿ ಕಣ್ಣೆದುರಿಗಿದೆ: ಒಂದರ ಮೇಲೊಂದು ಚಾವಣಿ, ಆ ಮೆಟ್ಟಿಲು, ತುತ್ತತುದಿಯಲ್ಲಿ ಉಳಿದ ಬಿಸಿಲು.

ನಾನು ಅವಳೆದುರಿಗೆ, ಕುರ್ಚಿ ಇರಬೇಕಾದ ಜಾಗದಲ್ಲಿ ಇಳಿಯುತ್ತಿದ್ದೇನೆ. ಕತ್ತು ಹಿಂದಕ್ಕೆ ತಿರುಗಿಸಿದರೆ ಅವಳ ಹೆಗಲಾಚೆ ಗೇಟು ಕಾಣುತ್ತದೆ. ಗೇಟು ತೆರೆದಿದೆ. ಅಲ್ಲಿ ಯಾರೋ ಇದ್ದಾರೆ. ಯಾರು, ಮುಖ ಹೇಗಿದೆ, ಎಲ್ಲ ಕಂಡಿತು. ಹೇಳೋಣವೆಂದು ಬಾಯಿ ತೆರೆದೆ.

"ಸುಮ್ನಿರಿ" ಎಂದಳು ಹುಡುಗಿ. "ಇಳಿಜಾರಲ್ಲಿ ಮಾತಾಡ್ಬಾರ್ದು."