ಮುಸುವನ ಮಣ್ಣು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯಲ್ಲಿ ಶನಿವಾರ ಬೆಳಿಗ್ಗೆ ತಾಯಿ ಮುಸುವವೊಂದು, ಕರಿಮುಖದ ಕೋತಿ, ಕರೆಂಟಿನ ತಂತಿ ತಾಗಿ ಸತ್ತು ಬಿತ್ತು. ಎದೆಗೆ ಅವಚಿಕೊಂಡಿದ್ದ ಕೂಸು ಬದುಕಿತ್ತು. ಅದರ ಮುಖ ಇನ್ನೂ ಕಪ್ಪಾಗಿರಲಿಲ್ಲ. ಅಲ್ಲೇ ಮನೆಯಿದ್ದ ನೀಲಗಂಗವ್ವ ಅದನ್ನು ಮೆಲ್ಲಗೆ ಬಿಡಿಸಿ ಸೆರಗಿನೊಳಗೆ ಇಟ್ಟುಕೊಂಡಳು.

ಓಣಿಯ ಹಿರಿಯ ಗುಡ್ಡಪ್ಪ ಬಂದು ಕೈಮುಗಿದ. "ಶನಿವಾರ ನೋಡ್ರಿ! ಹನುಮಪ್ಪ ನಮ್ಮ ಓಣ್ಯಾಗ ಜೀವಾ ಬಿಟ್ಟಾನ. ಮೆರವಣಿಗಿ ಮಾಡಿ ಮಣ್ಣ ಕೊಡೂಣು."

ಟ್ರ್ಯಾಕ್ಟರ್ ಬಂತು, ಹೂ ಬಂತು, ಭಜನೆಯವರೂ ಹಲಗೆ ಬಾರಿಸುವವರೂ ಬಂದರು. ನಿನ್ನೆಯವರೆಗೆ ಮುಸುವಗಳ ಮೇಲೆ ಕವಣೆ ಬೀಸಿದವರೂ ಮಾಲೆ ಹಿಡಿದು ನಿಂತಿದ್ದರು.

ಯಾರೋ ಫೋನು ಮಾಡಿದ್ದರಿಂದ ರಾಣೆಬೆನ್ನೂರಿನ ಪ್ರಾಣಿರಕ್ಷಣಾ ಬಳಗದ ಭುವನಾ ಸ್ಕೂಟರ್ ಮೇಲೆ ಬಂದಳು.

"ಯವ್ವಾ, ಕೂಸು ಕೊಡ್ರಿ. ಹಾವೇರ್ಯಾಗ ಡಾಕ್ಟರ್ ಕಾಯಾಕತ್ಯಾರ. ಇದಕ್ಕೂ ಕರೆಂಟ್ ತಾಗೈತಿ, ತಡಾ ಆದ್ರ ಉಳಿಯೂದಿಲ್ಲ."

"ತಾಯಿ ಮಣ್ಣಾಗೂ ಮಟಾ ತಡಿ ತಂಗಿ."

"ಅದಕ್ಕೇನ ತಿಳೀತೈತ್ರಿ?"

ಆ ಮಾತು ನೀಲಗಂಗವ್ವನಿಗೆ ನಾಟಿತು. ಹೋದ ವರ್ಷ ಮಗಳು ತೀರಿದಾಗ ಬೀಗರು ಇದನ್ನೇ ಹೇಳಿ ಮಣ್ಣಿಗೆ ಮೊದಲೇ ಮೊಮ್ಮಗನನ್ನು ಬೇರೆ ಮನೆಗೆ ಸಾಗಿಸಿದ್ದರು. ಬಾಗಿಲಲ್ಲಿ ಯಾರ ಬಳೆ ಸದ್ದಾದರೂ ಆ ಹುಡುಗ ಈಗಲೂ ಓಡಿಹೋಗಿ ನೋಡುತ್ತಾನೆ.

"ಎಲ್ಲಾ ತಿಳೀತೈತಿ. ತಾಯಿ ಮುಖಾ ನೋಡದ ಕೂಸು ಜಲ್ಮೆಲ್ಲಾ ಹುಡಕತೈತಿ," ಎಂದಳು.

"ಹಂಗ ಹೇಳ್ರಿ!" ಎಂದ ಗುಡ್ಡಪ್ಪ. "ಸ್ಕೂಟರ್ ಮ್ಯಾಲೆ ಬುದ್ಧಿ ಹೊತ್ಕೊಂಡ ಬಂದಾಳಿಕಿ. ಪೂಜಾ ಮುಗಿಯೂ ಮಟಾ ಫೋಟೋ ಹೊಡಕೋತ ನಿಂದ್ರವಾ."

ಭುವನಾ ಫೋಟೋ ತೆಗೆಯಲಿಲ್ಲ. "ಬೆಚ್ಚಗರ ಇಡ್ರಿ, ಯಾರಿಗೂ ಮುಟ್ಟಗೊಡಬ್ಯಾಡ್ರಿ" ಎಂದು ಬೇಡುತ್ತ ಟ್ರಾಲಿಯ ಹಿಂದೆ ನಡೆದಳು.

ಟ್ರಾಲಿಯಲ್ಲಿ ಹೆಣದ ಪಕ್ಕ ನೀಲಗಂಗವ್ವನನ್ನು ಕೂರಿಸಿದ್ದರು. ಮೆರವಣಿಗೆ ಅಂಗಡಿ ಅಂಗಡಿಯ ಮುಂದೆ ನಿಂತಿತು. ಜನ ಕೂಸಿನ ಕಾಲು ಮುಟ್ಟಿದರು, ಹಣೆಗೆ ಕುಂಕುಮ ಒತ್ತಿದರು, ಬಾಯಿಗೆ ಬಾಳೆಹಣ್ಣು ತುರುಕಿದರು.

"ಮುಟ್ಟಬ್ಯಾಡ್ರೆಪಾ" ಎಂದು ಅವಳು ಸೆರಗೆಳೆದುಕೊಂಡರೆ, "ದೇವರನ್ನ ನೀವೊಬ್ಬರ ಇಟಗೋತೀರೇನು?" ಎಂದು ನಕ್ಕರು.

ಬಿಸಿಲು ಏರಿತು. ಕುಪ್ಪಸ ಹಿಡಿದಿದ್ದ ಸಣ್ಣ ಬೆರಳುಗಳು ಸಡಿಲವಾದದ್ದು ಅವಳಿಗೆ ತಿಳಿಯಿತು. "ನಿಂದರಸ್ರಿ! ಕೂಸು ಕೊಡತೇನಿ!" ಎಂದು ಕೂಗಿದಳು. ಹಲಗೆಯ ಬಡಿತದಲ್ಲಿ ಯಾರಿಗೂ ಕೇಳಲಿಲ್ಲ. ಭುವನಾ ಒಬ್ಬಳೇ ಕಂಡು ಟ್ರಾಲಿ ಹತ್ತಿ, ಕೂಸಿನ ಎದೆಗೆ ಕಿವಿಯಿಟ್ಟು, ಸೆರಗನ್ನು ಅದರ ಮುಖದ ಮೇಲೆಳೆದು ಇಳಿದಳು.

ಸುದ್ದಿ ಕೇಳಿ ಗುಡ್ಡಪ್ಪನ ಕಣ್ಣುಗಳು ಅರಳಿದವು. "ತಾಯಿ ಬೆನ್ನ ಹತ್ತಿ ಹೋತು! ಎಂಥಾ ಪುಣ್ಯಾ! ಎರಡೂ ಒಂದ ಕುಣ್ಯಾಗ ಇಡ್ರಿ, ಮ್ಯಾಲೊಂದು ಕಟ್ಟಿ ಕಟ್ಟಸೂಣು." ಸಣ್ಣದೊಂದು ಮಾಲೆಯನ್ನೂ ತರಿಸಿದ. ಕುಣಿಯ ಬಳಿ ನಿಂತು, "ಮೊದಲನೇ ಮಣ್ಣು ನೀವ ಹಾಕ್ರಿ ನೀಲಗಂಗಕ್ಕ" ಎಂದು ಕರೆದ.

ನೀಲಗಂಗವ್ವ ಕದಲಲಿಲ್ಲ.

"ನಂದು ಬೆಳಿಗ್ಗೇನ ಹಾಕೇನಿ," ಎಂದಳು. "ಉಳಿದದ್ದು ನೀವ ಹಾಕ್ರಿ."