ಉಪವಾಸದ ಎಂಜಲು

ನಮ್ಮ ಸೆವಿಲ್ ಪಟ್ಟಣದಲ್ಲಿ ಮರ ಕೆತ್ತುವವನು ಬಣ್ಣ ಮುಟ್ಟುವಂತಿಲ್ಲ, ಬಣ್ಣ ಹಚ್ಚುವವನು ಉಳಿ ಹಿಡಿಯುವಂತಿಲ್ಲ. ನಾನು ಲೆಯಾಂದ್ರೊ, ಮರದವನು. ದೇವದಾರಿನ ದಿಮ್ಮಿಯಿಂದ ಮಾತೆ ಮರಿಯಮ್ಮನ ಮುಖ ಹೊರತೆಗೆಯಲು ನನಗೆ ನಾಲ್ಕು ತಿಂಗಳು ಬೇಕು. ಆಮೇಲೆ ಅದನ್ನು ಹೊತ್ತುಕೊಂಡು ಹೋಗಿ ಬಣ್ಣದವನ ಮನೆಗೆ ಒಪ್ಪಿಸಬೇಕು. ಅವನು ಎರಡು ವಾರ ಕುಂಚ ಆಡಿಸುತ್ತಾನೆ. ಮೆರವಣಿಗೆಯ ದಿನ ಬೀದಿಯ ಜನ ನೋಡುವುದು ಅವನ ಬಣ್ಣವನ್ನು, ಬಾಯಿ ತುಂಬ ಹೊಗಳುವುದು ಅವನನ್ನು. ಇದನ್ನು ನೆನೆದರೆ ಈ ಅರವತ್ತೆಂಟರ ವಯಸ್ಸಿನಲ್ಲೂ ನನಗೆ ಮೈ ಉರಿಯುತ್ತದೆ.

ನನಗಿದ್ದ ಸಮಾಧಾನ ಒಂದೇ. ನಮ್ಮ ಮೆರವಣಿಗೆಯ ಮೂರ್ತಿಗಳಿಗೆ ಮುಖಕ್ಕೂ ಕೈಗಳಿಗೂ ಮಾತ್ರ ಬಣ್ಣ. ಮೈಗೆ ವೆಲ್ವೆಟ್ ಉಡಿಸುತ್ತಾರಾದ್ದರಿಂದ ಬೆನ್ನು ಬರೀ ಮರವಾಗಿಯೇ ಉಳಿಯುತ್ತದೆ. ಮುಖ ಒಪ್ಪಿಗೆಯಾದ ದಿನ, ಬಟ್ಟೆ ಉಡಿಸುವ ಮೊದಲು, ಕೆತ್ತಿದವನು ಆ ಬೆನ್ನಿನ ಮೇಲೆ ಉಳಿಯಿಂದ ತನ್ನ ಹೆಸರು ಕೊರೆಯುತ್ತಾನೆ. ಮುತ್ತಜ್ಜಂದಿರ ಕಾಲದ ಪದ್ಧತಿ ಅದು. ಪಕ್ಕದಲ್ಲಿ ಬಣ್ಣದವನ ಹೆಸರನ್ನೂ ಕೊರೆಯುವ ಧಾರಾಳಿಗಳು ನಮ್ಮಲ್ಲಿ ಇದ್ದರು. ನಾನು ಆ ಪೈಕಿಯಲ್ಲ. ಹನ್ನೊಂದು ಮೂರ್ತಿ ಮಾಡಿದ್ದೆ, ಹನ್ನೊಂದರ ಮೇಲೂ ನನ್ನದೊಂದೇ ಹೆಸರು. ಬಣ್ಣ ಹಚ್ಚಿದವರು ನನ್ನ ಸ್ವಂತ ಮಾವನಾಗಿದ್ದರೂ ಸರಿ, ಕೊರೆದಿರಲಿಲ್ಲ.

ಮಾವ, ಅಂದರೆ ನನ್ನ ಹೆಂಡತಿಯ ಅಪ್ಪ ಗಾಸ್ಪರ್, ಊರಿಗೆಲ್ಲ ಗೊತ್ತು. ಅವರು ಮುಗಿಸಿದ ಕೆನ್ನೆ ನೋಡಿದರೆ ಒಳಗೆ ರಕ್ತ ಹರಿಯುತ್ತಿದೆಯೇನೋ ಅನ್ನಿಸುತ್ತಿತ್ತು. ಎಣ್ಣೆಬಣ್ಣ ಹಸಿಯಾಗಿರುವಾಗಲೇ ಮೇಕೆಮರಿಯ ಕರುಳಿನ ತೆಳು ಚರ್ಮವನ್ನು ಬೆರಳಿಗೆ ಸುತ್ತಿ, ನಾಲಿಗೆಯಲ್ಲಿ ಒದ್ದೆ ಮಾಡಿ, ಕುಂಚದ ಒಂದು ಗೆರೆಯೂ ಉಳಿಯದಂತೆ ಉಜ್ಜುವುದು ಅವರ ಮನೆತನದ ಕೆಲಸದ ರೀತಿ. ಅದಕ್ಕೆ ನೀರಾಗುವುದಿಲ್ಲ, ಎಂಜಲೇ ಬೇಕು. ಅದೂ ಉಪವಾಸದ ಎಂಜಲು. ಉಂಡ ಬಾಯಿಯ ಎಂಜಲಿನಲ್ಲಿ ಜಿಡ್ಡಿರುತ್ತದೆ, ಬಣ್ಣ ಅದನ್ನು ಕ್ಷಮಿಸುವುದಿಲ್ಲ. ಹೀಗಾಗಿ ಮಾವ ಮುಖದ ಕೆಲಸವನ್ನೆಲ್ಲ ಶುಭ ಶುಕ್ರವಾರಕ್ಕೆ ಮುಂಚೆ ಬರುವ ತಪಸ್ಸುಕಾಲಕ್ಕೇ ಇಟ್ಟುಕೊಳ್ಳುತ್ತಿದ್ದರು. ಆ ನಲವತ್ತು ದಿನ ಸಂಜೆಯ ಪ್ರಾರ್ಥನೆಯ ಗಂಟೆ ಬಡಿಯುವವರೆಗೆ ಅವರ ಬಾಯಿಗೆ ಒಂದು ಕಾಳು ಹೋಗುತ್ತಿರಲಿಲ್ಲ. ಗಾಸ್ಪರ್ ಉಗುಳಿದರೂ ಪುಣ್ಯ ಎಂದು ಮೀನು ಮಾರುವ ಹೆಂಗಸರು ನಗುತ್ತಿದ್ದರು.

ನಾನಿನ್ನೂ ಪ್ರಾಯದಲ್ಲಿದ್ದಾಗ ಒಂದು ವರ್ಷ ರೊಟ್ಟಿ ಸುಡುವವರ ಸಂಘ ವ್ಯಾಕುಲಮಾತೆಯ, ಮಗನಿಗಾಗಿ ಅಳುವ ಮರಿಯಮ್ಮನ, ಮೂರ್ತಿ ಮಾಡಿಸಿತ್ತು. ಶುಭ ಶುಕ್ರವಾರ ಮೊದಲ ಬಾರಿಗೆ ಹೊರಡಬೇಕಾದ ಮೂರ್ತಿ. ಅದು ನನ್ನ ಹನ್ನೆರಡನೆಯದು, ಹನ್ನೆರಡರಲ್ಲಿ ಅತ್ಯುತ್ತಮವಾದದ್ದು. ಇದನ್ನು ನಾನೇ ಹೇಳಿಕೊಳ್ಳುತ್ತೇನೆ, ನನಗೇನೂ ಸಂಕೋಚವಿಲ್ಲ.

ಶುಭ ಶುಕ್ರವಾರಕ್ಕೆ ಒಂದು ವಾರ ಮೊದಲು, ಅಂದರೆ ಗರಿಗಳ ಭಾನುವಾರಕ್ಕೆ ಎರಡು ದಿನ ಮೊದಲು, ಸಂಘದ ಪ್ರಾರ್ಥನಾಮಂದಿರದಲ್ಲಿ ಮುಸುಕು ತೆಗೆದರು. ಸಂಘದ ಯಜಮಾನ ಬರ್ನಬೆ ಇದ್ದ, ಅವನ ತೋಳಿನ ಮೇಲೆ ಇನ್ನೂ ಹಿಟ್ಟಿತ್ತು. ಹೊಸ ಮುಖಗಳನ್ನು ಪರೀಕ್ಷಿಸುವ ತೊರಿಬಿಯೊ ಬಣ್ಣದವರ ಸಂಘದ ಪರವಾಗಿ ಬಂದಿದ್ದರು. ಕಡ್ಡಿಯಂಥ ಮುದುಕ, ಎಂದೂ ನಗದವರು. ಮುಸುಕು ಜಾರಿದಾಗ ರೊಟ್ಟಿಯವರೆಲ್ಲ ಶಿಲುಬೆಯ ಗುರುತು ಮಾಡಿಕೊಂಡರು. ನಾನು ಎದೆ ಉಬ್ಬಿಸಿ ನಿಂತಿದ್ದೆ. ತೊರಿಬಿಯೊ ಮಾತ್ರ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತುಬಿಟ್ಟರು.

"ಇದೇನು?" ಅಂದರು.

ಎಡಗಣ್ಣಿನ ಕೆಳಗೆ ಕಡಲೆಕಾಳಿನಷ್ಟು ದೊಡ್ಡ ಕಲೆ. ಸುತ್ತಲಿನ ಕೆನ್ನೆ ಹೊಳೆಯುತ್ತಿತ್ತು, ಆ ಜಾಗ ಮಾತ್ರ ಮಂಕಾಗಿ ಹಳದಿಗೆ ತಿರುಗಿತ್ತು.

"ಜಿಡ್ಡು," ಎಂದರು ತೊರಿಬಿಯೊ. "ಉಜ್ಜಿದ ಬಾಯಿ ಉಂಡಿತ್ತು. ನಲವತ್ತು ವರ್ಷದಿಂದ ಇದನ್ನೇ ನೋಡ್ತಿದೀನಿ, ಆಲಿವ್ ಎಣ್ಣೆ ಹೀಗೆ ಹಳದಿ ಆಗಲ್ಲ. ಇದು ಹಂದಿ ಕೊಬ್ಬು."

ಬರ್ನಬೆಯ ಮುಖ ಅವನ ಒಲೆಯ ಹಾಗೆ ಕೆಂಪಾಯಿತು. "ತಪಸ್ಸುಕಾಲದಲ್ಲಿ ಹಂದಿ ತಿಂದ ಬಾಯಲ್ಲಿ ನಮ್ಮಮ್ಮನ ಕೆನ್ನೆ ಉಜ್ಜಿದ್ನಾ ಆ ಗಾಸ್ಪರ್? ನಮ್ಮ ಹೆಂಗಸರು ಇವಳಿಗೋಸ್ಕರ ನಲವತ್ತು ದಿನದಿಂದ ಬರೀ ಪಾಲಕ್ ಸೊಪ್ಪು ತಿನ್ಕೊಂಡು ಕೂತಿದಾರೆ! ಇವಳು ಹೊರಡಲ್ಲ. ಶುಕ್ರವಾರ ನಮ್ಮ ಪಲ್ಲಕ್ಕಿ ಖಾಲಿ ಹೋದ್ರೂ ಪರವಾಗಿಲ್ಲ."

"ನಾಳೆ ಬೆಳಿಗ್ಗೆ ಗಾಸ್ಪರ್ ಇಲ್ಲಿಗೆ ಬಂದು ಉತ್ತರ ಹೇಳ್ಲಿ," ಎಂದರು ತೊರಿಬಿಯೊ. "ತಿಂದಿದ್ರೆ ಮಾನ ಹೋಯ್ತು, ಆಮೇಲೆ ಧರ್ಮದ್ರೋಹ ವಿಚಾರಿಸೋ ಧರ್ಮಪೀಠದವರು ನೋಡ್ಕೋತಾರೆ. ತಿಂದಿಲ್ಲ ಅಂದ್ರೆ ಉಜ್ಜಿದ್ದು ಬೇರೆ ಯಾರೋ. ಮುಖ ಉಜ್ಜೋ ಹಕ್ಕು ಪರೀಕ್ಷೆ ಗೆದ್ದ ಮೇಸ್ತ್ರಿಗೆ ಮಾತ್ರ. ಹಾಗಾಗಿದ್ರೆ ಅವನ ಬಾಗಿಲ ಮೇಲಿನ ಮೇಸ್ತ್ರಿ ಫಲಕ ನಾನೇ ಇಳಿಸ್ತೀನಿ, ಅವನ ಕಸುಬು ಅಲ್ಲಿಗೆ ಮುಗೀತು."

ನಾನು ನೇರ ಮಾವನ ಮನೆಗೆ ನುಗ್ಗಿದೆ. ಕಿತ್ತಳೆ ಹೂವಿನ ವಾಸನೆ ಬೀದಿಯಲ್ಲೆಲ್ಲ ಘಮಘಮಿಸುತ್ತಿತ್ತು, ನನಗೆ ಅದರ ಮೇಲೂ ಸಿಟ್ಟು. ಮಾವ ಗೋಡೆಗೆ ಒರಗಿ ಕೂತಿದ್ದರು, ಕೈಗಳು ಎಂದಿನಂತೆ ಮೇಲಂಗಿಯೊಳಗೆ. ಮೂರು ವರ್ಷದಿಂದ ಹಾಗೆಯೇ. ಕೇಳಿದರೆ ಚಳಿ ಎನ್ನುತ್ತಿದ್ದರು. ಆರು ತಿಂಗಳ ಬಸುರಿಯಾಗಿದ್ದ ನನ್ನ ಹೆಂಡತಿ ಕಸಿಲ್ದಾ ಬಣ್ಣ ಅರೆಯುತ್ತಿದ್ದಳು. ಮಾವನಿಗೆ ಅಡುಗೆ ಮಾಡಿಕೊಡಲು ಅವಳು ದಿನಾ ಇಲ್ಲಿಗೆ ಬರುತ್ತಾಳೆಂದು ನಾನು ನಂಬಿದ್ದ ಕಾಲ ಅದು.

"ನಾಲ್ಕು ತಿಂಗಳು ಕೆತ್ತಿದೀನಿ ಮಾವ, ನಾಲ್ಕು ತಿಂಗಳು!" ಎಂದು ಕೂಗಿದೆ. "ಒಂದು ತುಂಡು ಹಂದಿಗೆ ಇಷ್ಟು ಬಾಯಿ ಚಪಲಾನಾ ನಿಮಗೆ? ಊರೆಲ್ಲ ಉಪವಾಸ ಉಪವಾಸ ಅಂತ ಡಂಗುರ ಹೊಡೆಸ್ಕೊಂಡು, ಕೊನೆಗೆ ನನ್ನ ಮರದ ಮೇಲೆ ಕೈ ಒರೆಸಿದ್ರಾ?"

ಕಸಿಲ್ದಾ ಅರೆಯುವ ಕಲ್ಲು ಕೆಳಗಿಟ್ಟಳು.

"ಅವರ ಮೇಲೆ ಯಾಕೆ ಕೂಗ್ತೀರಿ? ತಿಂದಿದ್ದು ನಾನು," ಎಂದಳು.

"ನೀನು ತಿನ್ನು, ಯಾರು ಬೇಡ ಅಂದ್ರು? ಬಸುರಿ ಅಂತ ಚರ್ಚಿನ ಗುರುಗಳೇ ಅಪ್ಪಣೆ ಕೊಟ್ಟಿದಾರಲ್ಲ. ನೀನು ತಿಂದ್ರೆ ಮೂರ್ತಿಗೇನು?"

"ಉಜ್ಜಿದ್ದೂ ನಾನೇ."

ನಾನು ಅವಳ ಬೆರಳುಗಳನ್ನು ನೋಡಿದೆ, ಉಗುರಿನ ಸಂದಿಯಲ್ಲೆಲ್ಲ ಬಣ್ಣ.

ಮಾವ ಮೇಲಂಗಿಯಿಂದ ಕೈಗಳನ್ನು ಹೊರತೆಗೆದರು. ಎರಡೂ ಗಡಗಡ ನಡುಗುತ್ತಿದ್ದವು. "ಮೂರು ವರ್ಷ ಆಯ್ತಪ್ಪ," ಎಂದರು. "ಒಂದು ರೆಪ್ಪೆ ಬರೆಯೋಕೂ ಆಗಲ್ಲ. ಇವಳು ಚಿಕ್ಕೋಳಿದ್ದಾಗಿಂದ ನನ್ನ ಪಕ್ಕ ಕೂತು ಕಲ್ತಿದಾಳೆ. ನಿನಗೆ ಹೇಳ್ಬೇಡ ಅಂದೋನು ನಾನೇ. ನಿನ್ನ ಬಾಯಿ ಊರಗಲ."

"ಮೂರು ವರ್ಷ? ಹಾಗಾದ್ರೆ ನಾನು ಕೆತ್ತಿದ ಆ ಮಗ್ದಲೇನ ಮೂರ್ತಿಯ ಮುಖ…"

"ನಾನೇ," ಎಂದಳು ಕಸಿಲ್ದಾ. "ಅದನ್ನ ನೋಡ್ಕೊಂಡು ಬಂದು ಊಟಕ್ಕೆ ಕೂತಾಗ ಏನಂದ್ರಿ ನೆನಪಿದ್ಯಾ? 'ನಿಮ್ಮಪ್ಪನ ಕೈಯಲ್ಲಿ ದೇವರೇ ಕೂತಿದಾನೆ ಕಣೇ' ಅಂದ್ರಿ. ಬಣ್ಣದೋರನ್ನ ನೀವು ಹೊಗಳಿದ್ದು ಅದೊಂದೇ ಸಲ. ಆ ಖುಷಿಗೆ ಸಾರಿಗೆ ಎರಡು ಸಲ ಉಪ್ಪು ಹಾಕ್ಬಿಟ್ಟೆ."

ಆ ಸಾರು ನನಗೆ ನೆನಪಿತ್ತು. ಅದಕ್ಕಾಗಿ ಅವಳನ್ನು ಬೈದದ್ದೂ ನೆನಪಿತ್ತು.

ಅವಳು ಬೇರೆ ದಿನಗಳಲ್ಲಿ ಉಪವಾಸವಿದ್ದೇ ಕೆಲಸ ಮಾಡುತ್ತಿದ್ದಳಂತೆ. ಕೊನೆಯ ದಿನ ಹೊಟ್ಟೆಯೊಳಗಿನ ಕೂಸು ಒದ್ದೂ ಒದ್ದೂ ತಲೆ ಸುತ್ತು ಬಂದು, ಹಂದಿ ಕೊಬ್ಬು ಸವರಿದ ಒಂದು ತುಂಡು ರೊಟ್ಟಿ ತಿಂದಳು. ಐದು ಸಲ ಬಾಯಿ ಮುಕ್ಕಳಿಸಿದಳು, ಸಾಕೆಂದುಕೊಂಡಳು. ಬಣ್ಣ ಹಸಿಯಿತ್ತು, ಕಾಯುವಂತಿರಲಿಲ್ಲ. ಆ ರೊಟ್ಟಿ ಬರ್ನಬೆಯ ಒಲೆಯದೇ.

"ನಾಳೆ ನಾನೇ ತಿಂದೆ ಅಂತೀನಿ," ಎಂದರು ಮಾವ. "ಮುದುಕ, ಬಾಯಿ ಚಪಲ, ತಪ್ಪಾಯ್ತು ಅಂತೀನಿ. ನನ್ನ ಮಾನ ತಾನೇ? ಫಲಕ ಉಳಿಯುತ್ತೆ. ಇವಳು ಒಳಗೆ ಕೂತು ಕೆಲಸ ಮಾಡ್ಕೊಂಡು ಹೋಗ್ಲಿ."

"ಅರವತ್ತು ವರ್ಷ ಉಪವಾಸ ಮಾಡಿದ ಬಾಯಿಗೆ ನನ್ನ ರೊಟ್ಟಿ ಮೆತ್ಕೋತೀಯೇನಪ್ಪಾ?" ಎಂದಳು ಕಸಿಲ್ದಾ. ಅಷ್ಟು ಹೇಳಿ ಕಲ್ಲು ಎತ್ತಿಕೊಂಡು ಮತ್ತೆ ಅರೆಯತೊಡಗಿದಳು. ಕೆನ್ನೆಯ ಬಣ್ಣ: ಬಿಳಿ, ಸ್ವಲ್ಪ ಕೆಂಪು, ಒಂದು ಚಿಟಿಕೆ ಹಸಿರು ಮಣ್ಣು. ಆಗ ನನಗೆ ಅದು ಯಾಕೆಂದು ಹೊಳೆಯಲಿಲ್ಲ. ಆ ಸಂಜೆ ಊಟಕ್ಕೆ ಕರೆದರೆ ಬೇಡ ಎಂದಳು.

ಮರುದಿನ ಬೆಳಿಗ್ಗೆ ರೊಟ್ಟಿಯವರು, ಅವರ ಹೆಂಡತಿಯರು, ಎಲ್ಲರೂ ಮಂದಿರದಲ್ಲಿ ತುಂಬಿದ್ದರು. ಮಾತೆಯನ್ನು ಮಧ್ಯದಲ್ಲಿ ನಿಲ್ಲಿಸಿದ್ದರು, ಮೈಗೆ ಇನ್ನೂ ಬಟ್ಟೆಯಿರಲಿಲ್ಲ.

"ಹೇಳು ಗಾಸ್ಪರ್. ತಿಂದ್ಯೋ ಇಲ್ವೋ?" ಎಂದರು ತೊರಿಬಿಯೊ.

ಮಾವ ಎದ್ದು ನಿಂತರು. ಬಾಯಿ ತೆರೆಯುವಷ್ಟರಲ್ಲಿ ಕಸಿಲ್ದಾ ಬಣ್ಣದ ಬಟ್ಟಲು ಹಿಡಿದು ಮುಂದೆ ಬಂದಳು.

"ಅಪ್ಪ ತಿಂದಿಲ್ಲ. ನಾನು ತಿಂದೆ. ಗುರುಗಳ ಅಪ್ಪಣೆ ತಗೊಂಡೇ ತಿಂದೆ, ಅದು ಪಾಪ ಅಲ್ಲ. ಪಾಪ ಯಾವುದು ಅಂದ್ರೆ, ಉಂಡ ಬಾಯಲ್ಲಿ ಅವಳ ಕೆನ್ನೆ ಮುಟ್ಟಿದ್ದು. ನಿನ್ನೆ ಮಧ್ಯಾಹ್ನದಿಂದ ನೀರೂ ಕುಡಿದಿಲ್ಲ. ಕೆಡಿಸಿದೋಳು ನಾನೇ ಸರಿ ಮಾಡ್ತೀನಿ. ಆಮೇಲೆ ಫಲಕ ಇಳಿಸೋದಾದ್ರೆ ಇಳಿಸಿ."

"ಹೆಂಗಸು ಮೂರ್ತಿ ಮುಖಕ್ಕೆ ಬಣ್ಣ…" ಎಂದು ಬರ್ನಬೆ ಶುರುಮಾಡಿದ.

"ಹೆಂಗಸಿನ ಮುಖ ತಾನೇ ಅದು? ಸುಮ್ನಿರ್ರೀ, ನೋಡೋಣ," ಎಂದು ಅವನ ಹೆಂಡತಿಯೇ ಅವನನ್ನು ಹಿಂದಕ್ಕೆ ಎಳೆದಳು.

ತೊರಿಬಿಯೊ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಕಸಿಲ್ದಾ ಸಣ್ಣ ಚಾಕುವಿನಿಂದ ಆ ಕಲೆಯನ್ನು ಕೆರೆದು ತೆಗೆದಳು. ನನ್ನ ಮರ ಒಂದು ಕ್ಷಣ ಕಂಡಿತು. ಬಿಳಿ ಲೇಪ ಹಚ್ಚಿ ಒಣಗುವವರೆಗೆ ಗಂಟೆಗಟ್ಟಲೆ ಕಾದಳು, ಯಾರೂ ಎದ್ದು ಹೋಗಲಿಲ್ಲ. ಆಮೇಲೆ ಮೂರು ಪದರ ಬಣ್ಣ. ಕೊನೆಗೆ ಕರುಳಿನ ಚರ್ಮವನ್ನು ಬೆರಳಿಗೆ ಸುತ್ತಿ ನಾಲಿಗೆಗೆ ತಾಗಿಸಿದಳು. ಒಣಗಿದ ಬಾಯಿ, ಎಂಜಲು ಬರಲಿಲ್ಲ. ಕಣ್ಣು ಮುಚ್ಚಿ ಕಾದಳು. ಬಂತು. ಜ್ವರ ಬಂದ ಮಗುವಿನ ಕೆನ್ನೆ ಸವರುವಂತೆ ಸುತ್ತಿ ಸುತ್ತಿ ಉಜ್ಜಿದಳು.

ಅವಳು ಕೈ ತೆಗೆದಾಗ ಕಲೆ ಎಲ್ಲಿತ್ತೆಂದು ನನಗೇ ಗೊತ್ತಾಗಲಿಲ್ಲ. ನನ್ನ ಉಳಿ ಅಲ್ಲಿ ಒಂದು ದುಃಖವನ್ನು ಕೆತ್ತಿತ್ತು ನಿಜ. ಆದರೆ ಆ ದುಃಖಕ್ಕೆ ಉಸಿರು ಕೊಟ್ಟವಳು ಇವಳು. ಹನ್ನೊಂದು ಬೆನ್ನುಗಳ ಮೇಲೆ ನನ್ನೊಬ್ಬನ ಹೆಸರು ಕೊರೆದ ನನ್ನ ಮೇಲೆ ನನಗೇ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು, ಇವಳು ನನ್ನ ಹೆಂಡತಿ ಎಂದು ಬೀದಿಗೆ ಹೋಗಿ ಕೂಗುವಷ್ಟು ಹೆಮ್ಮೆ.

ತೊರಿಬಿಯೊ ಮತ್ತೆ ಮೂಗು ತಾಗುವಷ್ಟು ಹತ್ತಿರ ಹೋದರು. ಬಹಳ ಹೊತ್ತು ನೋಡಿದರು.

"ಹಕ್ಕು ಮೇಸ್ತ್ರಿದೇ, ಆದ್ರೆ ಅವನ ಕಣ್ಣೆದುರು ಅವನ ಮಕ್ಕಳು ಕೆಲಸ ಮಾಡಬಹುದು ಅಂತ ನಿಯಮದಲ್ಲಿ ಇದೆ," ಎಂದರು ಕೊನೆಗೆ. "ಗಾಸ್ಪರ್ ಇಲ್ಲೇ ಕೂತಿದ್ದ, ನಾನೂ ನೋಡಿದೀನಿ. ಮುಖ ಒಪ್ಪಿಗೆ. ಫಲಕ ಇರ್ಲಿ." ಸಂಘದ ದಾಖಲೆ ಪುಸ್ತಕ ಬಿಚ್ಚುತ್ತ ಸೇರಿಸಿದರು, "ಆದ್ರೆ ಪುಸ್ತಕದಲ್ಲಿ ಬರೆಯೋದು ಗಾಸ್ಪರ್ ಅಂತ. ಬಣ್ಣದವರ ಸಂಘದಲ್ಲಿ ಹೆಂಗಸಿನ ಹೆಸರಿಗೆ ಜಾಗ ಇಲ್ಲಮ್ಮ. ನಾನು ಮಾಡಿದ ನಿಯಮ ಅಲ್ಲ ಅದು."

"ಮೂರ್ತಿ ಹೊರಡುತ್ತಲ್ಲ, ಸಾಕು," ಎಂದಳು ಕಸಿಲ್ದಾ. ಬರ್ನಬೆಯ ಹೆಂಡತಿ ಅವಳನ್ನು ಕೂರಿಸಿ ನೀರು ಕೊಟ್ಟಳು. ಸಾಕು ಎಂದಳೇ ಹೊರತು ಅವಳ ಕಣ್ಣು ತೊರಿಬಿಯೊ ಅವರ ಪುಸ್ತಕದ ಮೇಲೇ ಇತ್ತು. ಅವಳಿಗೆ ಓದಲು ಬಾರದು.

ನಾನು ಚೀಲದಿಂದ ಉಳಿ, ಸುತ್ತಿಗೆ ತೆಗೆದು ಮಾತೆಯ ಹಿಂದಕ್ಕೆ ಹೋದೆ.

"ಏನು ಮಾಡ್ತೀಯಾ?" ಎಂದರು ತೊರಿಬಿಯೊ.

"ಮುಖ ಒಪ್ಪಿಗೆ ಆಯ್ತಲ್ಲ. ಹೆಸರು ಕೊರೀತೀನಿ. ಎದುರಿಗಿರೋದು ಬಣ್ಣ, ಅದರ ಮೇಲೆ ನಿಮ್ಮ ಸಂಘದ ಅಧಿಕಾರ. ಇದು ಬೆನ್ನು, ಬರೀ ಮರ. ಇಲ್ಲಿ ಅಧಿಕಾರ ನಂದು."

ಅವರು ಪುಸ್ತಕ ಮುಚ್ಚಿ ಕಂಕುಳಲ್ಲಿಟ್ಟುಕೊಂಡು, ಬೆನ್ನು ಕಾಣದ ಕಡೆಗೆ ಹೋಗಿ ನಿಂತರು. ಆ ಮುದುಕನ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ.

ದೇವದಾರು ಮೃದುವಾದ ಮರ, ಉಳಿಗೆ ಬೇಗ ದಾರಿ ಕೊಡುತ್ತದೆ. ಆದರೂ ನಾನು ಅವಸರ ಮಾಡಲಿಲ್ಲ. ನೂರು, ಇನ್ನೂರು, ಐನೂರು ವರ್ಷ ಆ ಮಾತೆ ಈ ಬೀದಿಗಳಲ್ಲಿ ಹೊರಡುತ್ತಾಳೆ. ನಾವು ಯಾರೂ ಇರುವುದಿಲ್ಲ. ವೆಲ್ವೆಟ್ ಬದಲಾಯಿಸುವ ಹೆಂಗಸರು ಮಾತ್ರ ಪ್ರತಿ ವರ್ಷ ಈ ಬೆನ್ನು ನೋಡುತ್ತಾರೆ. ಅವರಿಗೆ ಚೆನ್ನಾಗಿ ಕಾಣುವಂತೆ ಆಳವಾಗಿ ಕೊರೆದೆ. ಮಾವ ನಡುಗುವ ಬೆರಳಿನಿಂದ ಒಂದೊಂದೇ ಅಕ್ಷರ ಮುಟ್ಟಿ ನೋಡಿ ಮುಖ ಆ ಕಡೆ ತಿರುಗಿಸಿದರು.

ಕಸಿಲ್ದಾ ಹೊಟ್ಟೆ ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದಳು. "ಈ ಸಲ ಬಹಳ ಉದ್ದ ಇದೆಯಲ್ರೀ? ಏನು ಬರೆದ್ರಿ?"

ಮಂದಿರದಲ್ಲಿದ್ದವರಿಗೆಲ್ಲ ಕೇಳುವಂತೆ, ತೊರಿಬಿಯೊ ಅವರಿಗಂತೂ ಚೆನ್ನಾಗಿ ಕೇಳುವಂತೆ, ನಾನು ಓದಿದೆ: "ಈ ಮುಖಕ್ಕೆ ಜೀವ ಕೊಟ್ಟವಳು ಗಾಸ್ಪರನ ಮಗಳು ಕಸಿಲ್ದಾ. ಮರ ಲೆಯಾಂದ್ರೊನದು."

ಅವಳು ಬೆರಳನ್ನು ಮೊದಲ ಅಕ್ಷರದ ಮೇಲಿಟ್ಟಳು.

"ಇನ್ನೊಂದ್ ಸಲ ಓದಿ," ಎಂದಳು.